ಜಲಜನಕ ಸೋರಿದ ಸಂದು

ನನ್ನ ತಂಗಿ ಆಶಾರಾಣಿ ಸಮುದ್ರದ ನೀರಿನಿಂದ ಜಲಜನಕ ತೆಗೆಯುತ್ತಾಳೆ. ಪಿರಿಯಾಪಟ್ಟಣದ ತಂಬಾಕು ಬೆಳೆಗಾರರ ಮನೆಯ ಹುಡುಗಿಗೆ ಇದೆಂಥ ಕೆಲಸ ಎಂದು ನಾನೇ ಎಷ್ಟೋ ಸಲ ರೇಗಿಸಿದ್ದೇನೆ. ಕಡಲೊಳಗೆ ನಿಲ್ಲಿಸಿದ ಗಾಳಿಯಂತ್ರಗಳ ಕರೆಂಟನ್ನು ಅಲ್ಲಿಯ ನೀರಿಗೇ ಹಾಯಿಸಿದರೆ ಜಲಜನಕ ಬೇರೆಯಾಗುತ್ತದಂತೆ, ಮುಂದೆ ಅದೇ ಇಂಧನವಂತೆ. ನೀರಿಗೆ ಕರೆಂಟು ಹಾಯಿಸುವ, ಉಪ್ಪಿಗೆ ಬೇಗ ಹಾಳಾಗದ ಲೋಹದ ಬಿಲ್ಲೆಯೊಂದನ್ನು ತಯಾರಿಸುವುದು ಅವಳ ಪಾಲಿನ ಸಂಶೋಧನೆ.

ಮೈಸೂರಿನಲ್ಲಿ ಎಂಎಸ್ಸಿ ಮುಗಿಸಿ, ಪೂರ್ವ ಕರಾವಳಿಯ ಪ್ರಯೋಗಾಲಯವೊಂದಕ್ಕೆ ಎರಡು ವರ್ಷದ ಸಹಾಯಕಿಯಾಗಿ ಹೋಗಿದ್ದಳು. ಆ ಅವಧಿ ಕಳೆದ ಜೂನ್‌ಗೆ ಮುಗಿಯುತ್ತಿತ್ತು. ಅಲ್ಲೇ ಮುಂದುವರಿಯಬೇಕೆಂದರೆ ಇದ್ದದ್ದು ಒಂದೇ ಪಿಎಚ್‌ಡಿ ಸೀಟು. ಆದರೆ ಅವಳ ಬಿಲ್ಲೆಯಿಂದ ಬರಬೇಕಾದಷ್ಟು ಜಲಜನಕ ಬರುತ್ತಿರಲಿಲ್ಲ. ಬಿಲ್ಲೆಯೇ ಸರಿಯಿಲ್ಲ ಎಂದು ಗೈಡು ಕೈಚೆಲ್ಲಿದ್ದರು. ಸೀಟು ಕೈತಪ್ಪಿದರೆ ಇರಲಿ ಎಂದು ನಾನು ಹುಣಸೂರಿನ ಕಾಲೇಜೊಂದರ ಪ್ರಿನ್ಸಿಪಾಲ್ ರುದ್ರಸ್ವಾಮಿಯವರ ಕೈಕಾಲು ಹಿಡಿದು ಉಪನ್ಯಾಸಕಿ ಕೆಲಸ ಗೊತ್ತುಮಾಡಿದ್ದೆ. ನಿಜ ಹೇಳುತ್ತೇನೆ, ಸೀಟು ಸಿಗದೇ ಹೋದರೆ ತಂಗಿ ಹತ್ತಿರವೇ ಇರುತ್ತಾಳಲ್ಲ ಎಂಬ ಆಸೆಯೂ ನನಗಿತ್ತು.

ಪಿಎಚ್‌ಡಿ ಸೀಟಿನ ಸಂದರ್ಶನಕ್ಕೆ ಹನ್ನೆರಡು ದಿನವಿರುವಾಗ ಅವಳು ಊರಿಗೆ ಬಂದಳು. ಅವ್ವ ವೀರಮ್ಮ ಬ್ಯಾರನ್ ರಿಪೇರಿಯಲ್ಲಿದ್ದಳು. ಬ್ಯಾರನ್ ಎಂದರೆ ತಂಬಾಕಿನ ಎಲೆ ಹದಮಾಡುವ ಎತ್ತರದ ಕೋಣೆ. ಹೊರಗಿನ ಒಲೆಯ ಬಿಸಿ ತಗಡಿನ ಕೊಳವೆಗಳಲ್ಲಿ ಅದರೊಳಗೆ ಸುತ್ತುತ್ತದೆ. ಕೊಳವೆಯ ಸಂದಿನಲ್ಲಿ ಹೊಗೆ ಸೋರಿದರೆ ಎಲೆ ಕೆಟ್ಟಂತೆ, ಕಿಡಿ ಬಿದ್ದರೆ ಬ್ಯಾರನ್ನೇ ಹೋದಂತೆ. ಅವ್ವ ಸಂದುಗಳಿಗೆಲ್ಲ ಮಣ್ಣು ಮೆತ್ತಿ, ಖಾಲಿ ಬ್ಯಾರನ್ನಿಗೆ ಒಂದು ದಿನ ಬೆಂಕಿ ಹಾಕಿ, ಆರಲು ಬಿಟ್ಟು, ಆಮೇಲೆ ಮತ್ತೆ ಮಣ್ಣು ಕಲಸತೊಡಗಿದಳು. ಮೆತ್ತಿದ್ದೇ ಚೆನ್ನಾಗಿದೆಯಲ್ಲ, ಮತ್ತೆ ಯಾಕೆ ಎಂದು ಜೊತೆಗೆ ಮಣ್ಣಿಗೆ ಕೈಹಾಕಿದ್ದ ಆಶಾ ಕೇಳಿದಳು.

"ತಣ್ಣಗಿದ್ದಾಗ ಎಲ್ಲಾ ಸಂದೂ ಚೆಂದಾಗೇ ಕಾಣ್ತವೆ ಕಣವ್ವ," ಎಂದಳು ಅವ್ವ. "ಕಾದು ಆರಿದ್ ಮ್ಯಾಲೇನೆ ಎಲ್ಲಿ ಬಿಟ್ಕಂಡದೆ ಅಂತ ಗೊತ್ತಾಗಾದು."

ಆಶಾ ಕೈ ತೊಳೆದುಕೊಂಡು ಎದ್ದವಳು ಅದೇ ಸಂಜೆ ಬಸ್ಸು ಹತ್ತಿದಳು. ಪ್ರಯೋಗಾಲಯದಲ್ಲಿ ಅನಿಲದ ಕೊಳವೆಗಳನ್ನು ಅವಳು ಪ್ರತಿ ವಾರ ಪರೀಕ್ಷಿಸುತ್ತಿದ್ದಳು, ಆದರೆ ಯಂತ್ರ ತಣ್ಣಗಿರುವಾಗ ಮಾತ್ರ. ಎರಡು ದಿನ ಕಾಯಿಸಿ, ಆರಿಸಿ, ಮತ್ತೆ ಕಾಯಿಸಿ ನೋಡಿದಾಗ ಒಂದು ಸಂದಿನಲ್ಲಿ ಜಲಜನಕ ಸೋರುತ್ತಿತ್ತು. ಬಣ್ಣವಿಲ್ಲ, ವಾಸನೆಯಿಲ್ಲ, ಸುಮ್ಮನೆ ನೋಡಿದರೆ ಯಾರಿಗೆ ತಿಳಿಯಬೇಕು? ಬಿಲ್ಲೆಯದೇನೂ ತಪ್ಪಿರಲಿಲ್ಲ.

ಆದರೆ ಇದನ್ನು ಹೇಳಿದರೆ ಎರಡು ವರ್ಷದ ಅಳತೆಗಳೆಲ್ಲ ತಪ್ಪೆಂದು ಒಪ್ಪಿಕೊಂಡಂತೆ, ಅಳೆದವಳೂ ಅವಳೇ. ಫೋನಿನಲ್ಲಿ ಅವಳು ಅತ್ತದ್ದು ಕೇಳಿ ನನ್ನ ಆಸೆ ಎಲ್ಲಿ ಹೋಯಿತೋ. ಸಂದು ಬಿಗಿಮಾಡಿ ಹೊಸ ಅಂಕಿಯನ್ನಷ್ಟೇ ತೋರಿಸು, ಹಳೆಯದರ ಬಗ್ಗೆ ಬಾಯಿ ಬಿಡಬೇಡ ಎಂದು ನಾನೇ ಹೇಳಿಕೊಟ್ಟೆ. ಅವಳು ನನ್ನ ಮಾತಿಗೆ ಸೊಪ್ಪು ಹಾಕಲಿಲ್ಲ. ಸಂದರ್ಶನದಲ್ಲಿ ಮೊದಲ ಮಾತೇ ಅದಾಗಿತ್ತಂತೆ: ನನ್ನ ಎರಡು ವರ್ಷದ ಅಳತೆ ತಪ್ಪು, ತಪ್ಪಿದ್ದು ಇಲ್ಲಿ, ಉಳಿದ ಯಂತ್ರಗಳನ್ನೂ ಬಿಸಿಮಾಡಿ ನೋಡಿ. ಕೇಳಿದವರು ಮುಖ ಮುಖ ನೋಡಿಕೊಂಡರಂತೆ. ಮುಗಿಸಿ ಬಂದು ನನಗೆ ಫೋನು ಮಾಡಿ, ಸೀಟಿನ ಆಸೆ ಬಿಟ್ಟೆ ಅಂದಳು.

ಹತ್ತನೆಯ ದಿನ ಮತ್ತೆ ಫೋನು ಬಂತು. ಉಳಿದ ಯಂತ್ರಗಳಲ್ಲಿ ಇನ್ನೂ ಮೂರು ಸೋರುತ್ತಿದ್ದವು. ಸೀಟು ಅವಳಿಗೇ ಸಿಕ್ಕಿತ್ತು. ನನ್ನ ಎದೆ ತುಂಬಿ ಬಂತು. ಆದರೆ ಅವಳ ದನಿಯಲ್ಲಿ ಅಳುಕಿತ್ತು. ಹುಣಸೂರಿನ ಕೆಲಸಕ್ಕೆ ನಾನು ಅಷ್ಟು ಓಡಾಡಿದ್ದೆನಲ್ಲ, ಬಾ ಎಂದರೆ ಬಂದುಬಿಡುತ್ತೇನೆ ಎಂದಳು.

"ಪ್ರಿನ್ಸಿಪಾಲ್ರಿಗೆ ಅವ್ಳು ಬರಕಿಲ್ಲ ಸಾರ್ ಅಂತ ಏಳ್ಬುಟ್ಟಿವ್ನಿ ಕಣವ್ವ," ಅಂದೆ.

"ಯಾವಾಗ್ಲಣ್ಣ?"

"ನೀನು ಇಂಟರ್‌ವ್ಯೂ ಮುಗ್ಸಿ ಫೋನ್ ಮಾಡ್ದಲ್ಲ, ಅವತ್ತೇ."

ಸೀಟು ಸಿಗದಿದ್ದರೆ ಏನು ಮಾಡುತ್ತಿದ್ದೆ ಎಂದು ಚೆನ್ನಾಗಿ ಬೈದಳು. ನಾನು ಅದನ್ನು ಯೋಚನೆಯೇ ಮಾಡಿರಲಿಲ್ಲ.