ಅರ್ಥ ಹೇಳದೆ ಅಕ್ಷರ ಬರೆಯದ ತುಳಜಾಬಾಯಿ

ಉದಗೀರದ ಸ್ಟೇಷನ್ ರಸ್ತೆಯಲ್ಲಿ ಈಗಷ್ಟೇ ಬೆಳಕು ಹರಿಯುತ್ತಿದೆ. ತುಳಜಾಬಾಯಿ ಕಂಬಳಿ ಮೂಟೆಯ ಬಾಯಿಯನ್ನು ದಬ್ಬಣದಿಂದ ಹೊಲಿದು ಮುಗಿಸಿ, ಕರಿಬಣ್ಣದ ಡಬ್ಬಿ ತೆರೆಯುತ್ತಾರೆ. ಮೂಟೆಯ ಮೇಲೆ ಮೂಡಬೇಕಾದದ್ದು ಇಂಗ್ಲಿಷಿನ ನಾಲ್ಕೈದು ಅಕ್ಷರ. ಊರಿನ ಹೆಸರೂ ಮೊಟಕು, ರೈಲಿನವರ ಕರಾರೂ ಮೊಟಕು. ಮಾಲೀಕನನ್ನು ಹತ್ತಿರ ಕೂರಿಸಿಕೊಂಡು ಒಂದೊಂದರ ಅರ್ಥ ಬಿಡಿಸಿ ಹೇಳಿದ ಮೇಲೆಯೇ ಅವರು ಕುಂಚ ಎತ್ತುವುದು.

ಗುಂಜೋಟಿಯ ಕುರಿಗಾರರ ಮನೆಯ ಮಗಳು. ಗಂಡ, ಊರವರ ಮಾಲನ್ನು ರೈಲಿಗೆ ಹಾಕಿಸುವ ಅಡತಿ ವ್ಯಾಪಾರಿ ರೇವಣಪ್ಪನ ಅಂಗಡಿಯಲ್ಲಿ ಮೂಟೆಗಳಿಗೆ ಗುರುತು ಬರೆಯುತ್ತಿದ್ದ. ಅವನು ತೀರಿಕೊಂಡಾಗ ಅದೇ ಕುಂಚ ಇವರ ಕೈಗೆ ಬಂತು. ದಿನಕ್ಕೆ ಮೂವತ್ತು ಮೂಟೆ, ಸುಗ್ಗಿಯಲ್ಲಿ ಐವತ್ತು. “ಓದಾಕ ಬರತಿದ್ದಿಲ್ರೀ. ರಂಗೋಲಿ ನೋಡಿ ತೆಗದಂಗ ತೆಗೀತಿದ್ದೆ” ಅನ್ನುತ್ತಾರೆ.

ಹೋದ ಮಳೆಗಾಲದಲ್ಲಿ ಅವರ ಅಣ್ಣ ಅಮೋಘಸಿದ್ಧ, ವರ್ಷವಿಡೀ ನೇಯ್ದ ನಲವತ್ತು ಕಂಬಳಿಗಳನ್ನು ರೇವಣಪ್ಪನ ಮೂಲಕ ಹೈದರಾಬಾದಿಗೆ ಕಳಿಸಿದ. ದಾರಿಯಲ್ಲಿ ನೆನೆದು ಅಷ್ಟೂ ಕೊಳೆತವು. ಪರಿಹಾರ ಕೇಳಲು ಹೋದರೆ, ಸ್ಟೇಷನ್ನಿನ ಮಾಲಿನ ಗುಮಾಸ್ತ ಮನ್ಮಥಪ್ಪ ರಸೀದಿಯ ಮೇಲಿನ ಎರಡಕ್ಷರ ತೋರಿಸಿದ: ಓ.ಆರ್. ‘ಓನರ್ಸ್ ರಿಸ್ಕ್’, ಮಾಲು ಕೆಟ್ಟರೆ ಮಾಲೀಕನದೇ ಹೊಣೆ. ಹಾಗೆ ಬರೆಸಿದರೆ ರೈಲಿನ ಬಾಡಿಗೆ ಕಡಿಮೆ. ರೇವಣಪ್ಪ ಅಮೋಘಸಿದ್ಧನಿಂದ ಪೂರಾ ಬಾಡಿಗೆ ಪಡೆದು, ಉಳಿದದ್ದನ್ನು ಸದ್ದಿಲ್ಲದೆ ಕಿಸೆಗೆ ಹಾಕಿಕೊಂಡಿದ್ದ.

“ಮೂಟಿ ಮ್ಯಾಲ ಆ ಅಕ್ಷರ ಬರದಾಕಿ ನಾನೇ ಅಂತ ಅಣ್ಣಗ ಹೇಳಿದೆ. ಅಂವಾ ಎದ್ದು ಕುರಿಗೆ ಮೇವ ಹಾಕಾಕ ಹೋದ. ಬೈದಿದ್ರ ಛಲೋ ಇತ್ತು.”

ಮರುದಿನ ಅಂಗಡಿಯಲ್ಲಿ ಗಿರಾಕಿಗಳ ಎದುರೇ ರೇವಣಪ್ಪ ಓ.ಆರ್. ಬರೆ ಅಂದಾಗ ತುಳಜಾಬಾಯಿ ಕುಂಚ ಕೆಳಗಿಟ್ಟರು. “ಮೊದಲ ಇವ್ರಿಗೆ ಅರ್ಥ ಹೇಳ್ರಿ ಸಾವ್ಕಾರ್ರೆ, ಆಮ್ಯಾಲ ಬರೀತೀನಿ.”

“ನಿನ್ನ ಕೆಲಸ ಬರಿಯೂದು” ಎಂದ ರೇವಣಪ್ಪ.

ಗಿರಾಕಿಗಳಿಗೆ ಅರ್ಥವನ್ನು ತುಳಜಾಬಾಯಿಯೇ ಹೇಳಿದರು. ಕೆಲಸ ಅಂದೇ ಹೋಯಿತು. ಆಕೆಗೆ ಯಾರೂ ಮೂಟೆ ಕೊಡಕೂಡದೆಂದು ರೇವಣಪ್ಪ ಪೇಟೆಯಲ್ಲೆಲ್ಲ ಹೇಳಿಸಿದ. ಸ್ಟೇಷನ್ ರಸ್ತೆಬದಿ ಗೋಣಿ ಹಾಸಿ ಕೂತ ತುಳಜಾಬಾಯಿಯ ಬಳಿ ಹದಿನೈದು ದಿನ ಒಬ್ಬರೂ ಸುಳಿಯಲಿಲ್ಲ. ಕೊನೆಗೆ ಕಾಸಾರಶಿರಸಿಯ ಮುದುಕ ಮಲ್ಲಣ್ಣ ಬಂದು, ತನ್ನ ಹಳೆಯ ರಸೀದಿಯಲ್ಲಿ ಏನಿದೆ ನೋಡೆಂದು ಚಾಚಿದ. ಅದರಲ್ಲೂ ಅವೇ ಎರಡಕ್ಷರ. ಆ ಸುದ್ದಿ ಸಂತೆಯಿಂದ ಸಂತೆಗೆ ಹಬ್ಬಿತು. ಈಗ ನಿಲಂಗಾ ಕಡೆಯ ಗಾಡಿಗಳೂ ಮೊದಲು ನಿಲ್ಲುವುದು ಇಲ್ಲೇ.

ಬಾಡಿಗೆ ಉಳಿಸಲು ತಿಳಿದೇ ಓ.ಆರ್. ಬರೆಸುವವರಿಗೆ ತುಳಜಾಬಾಯಿ ತಕರಾರಿಲ್ಲದೆ ಬರೆದುಕೊಡುತ್ತಾರೆ. ಅಂಗಡಿಗೆ ಮರಳಿದರೆ ಹೆಚ್ಚು ಪಗಾರ ಕೊಡುತ್ತೇನೆಂದು ರೇವಣಪ್ಪ ಹೇಳಿಕಳಿಸಿದ್ದಕ್ಕೆ ಮಾತ್ರ ಜವಾಬು ಹೋಗಿಲ್ಲ. ಮಧ್ಯಾಹ್ನ ಬಿಡುವಾದಾಗ ಮನ್ಮಥಪ್ಪನ ಕಿಟಕಿಗೆ ಹೋಗಿ ಇನ್ನೊಂದು ಗುರುತಿನ ಅರ್ಥ ಕೇಳಿ ಬರುತ್ತಾರೆ.

“ಇನ್ನಾ ಆರು ಗುರುತು ಉಳದಾವ್ರಿ,” ಎನ್ನುತ್ತಾರೆ. “ತಿಳಿಯೂತನಕ ಅವನ್ನ ಯಾರು ಹೇಳಿದ್ರೂ ನಾ ಬರಿಯಂಗಿಲ್ಲ.”