ಹಸಿರು ಬಟ್ಟೆಗೆ ನೀಲಿ ಚಾಕ್

ನನಗೆ ಸಂಬಳ ಬರುವುದೇ ತಪ್ಪು ಹುಡುಕುವುದಕ್ಕೆ. ದೆಹಲಿಯ ಓಖ್ಲಾದ ಒಂದು ಗಾರ್ಮೆಂಟ್ ಕಾರ್ಖಾನೆಯಲ್ಲಿ, ಹೊರದೇಶಕ್ಕೆ ಹೋಗುವ ಅಂಗಿ ಕುರ್ತಾಗಳನ್ನು ಟ್ಯೂಬ್‌ಲೈಟಿನ ಕೆಳಗೆ ಹರಡಿಕೊಂಡು, ಬಿಟ್ಟುಹೋದ ಹೊಲಿಗೆ, ಎಣ್ಣೆ ಕಲೆ, ಸೊಟ್ಟ ಕಾಲರು ಕಂಡಲ್ಲೆಲ್ಲ ಕೆಂಪು ಬಾಣದ ಸ್ಟಿಕರ್ ಅಂಟಿಸುವುದು ನನ್ನ ಕೆಲಸ. ಇಪ್ಪತ್ತು ವರ್ಷ ಇದನ್ನೇ ಮಾಡಿದ ಕಣ್ಣು ಭಾನುವಾರವೂ ಸುಮ್ಮನಿರುವುದಿಲ್ಲ. ಹೋಟೆಲಿಗೆ ಹೋದರೆ ಪರದೆಯ ಅಂಚು ನೋಡುತ್ತೇನೆ, ಮದುವೆಗೆ ಹೋದರೆ ಮದುಮಗಳ ರವಿಕೆಯ ತೋಳು. ಅದಕ್ಕೇ ನಿನ್ನನ್ನು ಯಾರೂ ಕರೆಯೋದಿಲ್ಲ ಅಂತ ತಂಗಿ ಫೋನಿನಲ್ಲಿ ಚುಚ್ಚುತ್ತಾಳೆ. ಚುಚ್ಚಲಿ ಬಿಡಿ, ಅವಳ ರವಿಕೆಯ ತೋಳೂ ನೆಟ್ಟಗಿರಲಿಲ್ಲ.

ಮನೆ ದೆಹಲಿ ಅಂಚಿನ ಇಂದಿರಾಪುರಂನ ಒಂದು ಅಪಾರ್ಟ್‌ಮೆಂಟ್ ಸೊಸೈಟಿಯಲ್ಲಿ, ಹನ್ನೊಂದನೇ ಮಹಡಿ. ಇರುವುದು ನಾನೊಬ್ಬಳೇ. ಸಂಜೆ ಬೀಗ ತೆಗೆದು ಒಳಗೆ ಹೋದ ತಕ್ಷಣ ಟಿವಿ ಹಾಕುತ್ತೇನೆ. ನೋಡುವುದಕ್ಕಲ್ಲ, ಯಾರದಾದರೂ ದನಿ ಇರಲಿ ಅಂತ. ಬೇಜಾರು ಬೇಜಾರೇ, ಅದಕ್ಕೆ ಚಂದದ ಹೆಸರು ಕೊಟ್ಟು ಏನು ಮಾಡಲಿ? ಒಂದು ಸಂಜೆ ಟಿವಿಯವರ ಕಿರುಚಾಟವೂ ಸಾಕಾಗಿ ಕೆಳಗಿನ ಕ್ಲಬ್‌ಹೌಸಿಗೆ ಹೋದೆ. ಅಲ್ಲಿ ಕೋಲಿನಿಂದ ಚೆಂಡು ಹೊಡೆದು ಆಡುವ ಪೂಲ್ ಟೇಬಲ್ ಖಾಲಿ ಬಿದ್ದಿತ್ತು. ಒಬ್ಬರೇ ಆಡಿದರೂ ಯಾರೂ ವಿಚಿತ್ರವಾಗಿ ನೋಡದ ಆಟ ಅದೊಂದೇ.

ಮೊಬೈಲಿನಲ್ಲಿ ನೋಡಿ ನೋಡಿ ಕೋಲು ಹಿಡಿಯುವುದು ಕಲಿತೆ. ಹೊಡೆಯುವ ಮುಂಚೆ ಕೋಲಿನ ತುದಿಗೆ ಚಾಕ್ ಹಚ್ಚಬೇಕು ಅಂತ ಅದರಲ್ಲೇ ಗೊತ್ತಾಯಿತು. ಆದರೆ ಕ್ಲಬ್‌ಹೌಸಿನ ಚಾಕ್ ನೋಡಬೇಕಿತ್ತು ನೀವು! ಸೊಸೈಟಿಯ ಮಕ್ಕಳು ಕೋಲನ್ನು ಅದರೊಳಗೆ ಗರಗರ ತಿರುವಿ ತಿರುವಿ ಬೆರಳು ತೂರುವಷ್ಟು ಗುಂಡಿ ಮಾಡಿಟ್ಟಿದ್ದರು. ನನ್ನ ಚೀಲದಲ್ಲಿ ಯಾವತ್ತೂ ಬಟ್ಟೆಗೆ ಗುರುತು ಹಾಕುವ ಟೇಲರ್ ಚಾಕ್ ಇರುತ್ತದೆ. ಚಾಕ್ ಅಂದರೆ ಚಾಕ್ ತಾನೇ ಅಂದುಕೊಂಡು ಅದನ್ನೇ ಚೆನ್ನಾಗಿ ತಿಕ್ಕಿ, ಉಸಿರು ಬಿಗಿಹಿಡಿದು ಹೊಡೆದೆ. ಕೋಲು ಸರ್ರನೆ ಜಾರಿತು. ಬಿಳಿ ಚೆಂಡು ಟೇಬಲ್ ಹಾರಿ ಸೋಫಾದ ಕೆಳಗೆ ಹೋಯಿತು.

"ಥೂ, ನಿನ್ನ ಮನೆ ಹಾಳಾಗ!" ಅಂತ ಚೆಂಡನ್ನು ಗಟ್ಟಿಯಾಗಿ ಬೈದೆ.

ಸೋಫಾದ ಮೇಲೆ ಬಿಡಿಸಿ ಹಿಡಿದಿದ್ದ ಹಿಂದಿ ಪೇಪರು ಕೆಳಗಿಳಿಯಿತು. ಹಿಂದೆ ಬೆಳ್ಳಿ ಮೀಸೆಯ ಒಬ್ಬ ಹಿರಿಯರು.

"ಯಾವೂರಮ್ಮಾ?" ಅಂದರು.

ನನಗೆ ನಾಚಿಕೆಯಿಂದ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. "ದಾವಣಗೆರೆ" ಅಂದೆ. ಅವರದು ಚಾಮರಾಜನಗರದ ಕಡೆ. ನಲವತ್ತು ವರ್ಷದ ಹಿಂದೆ ಕೇಂದ್ರ ಸರ್ಕಾರದ ನೌಕರಿಗೆ ಬಂದವರು, ರಿಟೈರಾಗಿ ಮಗ ಸೊಸೆಯ ಜೊತೆ ಇಲ್ಲೇ ಇದ್ದರು. ಆಫೀಸಿನ ರಿಕ್ರಿಯೇಷನ್ ಕ್ಲಬ್ಬಿನಲ್ಲಿ ಆಡಿ ಪಳಗಿದ ಕೈ. ಅವರು ಸೋಫಾದ ಕೆಳಗಿನಿಂದ ಚೆಂಡು ತೆಗೆದುಕೊಟ್ಟು, ನನ್ನ ಚಾಕನ್ನು ಉಗುರಿನಿಂದ ಕೆರೆದು ನೋಡಿ ನಕ್ಕರು.

"ಇದು ಬಟ್ಟೆ ಮೇಲೆ ಗೆರೆ ಎಳೆಯೋದಲ್ಲವೇನಮ್ಮಾ? ಇದರಲ್ಲಿ ಮೇಣ ಇರುತ್ತೆ, ಜಾರುತ್ತೆ. ಕೋಲಿಗೆ ಹಿಡಿತ ಬೇಕು. ಚಲೋ, ಇದನ್ನ ಹಚ್ಚು." ಜೇಬಿನಿಂದ ಕರವಸ್ತ್ರ ಬಿಚ್ಚಿ ಒಂದು ನೀಲಿ ಚೌಕ ಕೊಟ್ಟರು. "ತಿರುವಬೇಡ. ವಿಭೂತಿ ಎಳ್ಕೊಳ್ಳೋ ಹಾಗೆ ಸುಮ್ನೆ ಸವರು, ಸಾಕು."

ಅವರ ಚಾಕಿನಲ್ಲಿ ಗುಂಡಿಯೇ ಇರಲಿಲ್ಲ. ಮೇಲ್ಮೈ ಸಮವಾಗಿ, ಚಪ್ಪಟೆಯಾಗಿ ಸವೆದಿತ್ತು. ಅಷ್ಟು ನೀಟಾಗಿ ಸವೆದ ವಸ್ತುವನ್ನು ನಾನು ಬೇರೆ ಯಾರ ಕೈಯಲ್ಲೂ ನೋಡಿಲ್ಲ.

ಅವತ್ತಿನಿಂದ ಪ್ರತಿ ಸಂಜೆ ಏಳಕ್ಕೆ ನಾವಿಬ್ಬರೂ ಅಲ್ಲಿರುತ್ತಿದ್ದೆವು. ಅವರ ಮೊಮ್ಮಗಳು ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಹಿಂದಿಯಲ್ಲಿ ಉತ್ತರ ಕೊಡುತ್ತಾಳಂತೆ. ನನಗೋ ಕಾರ್ಖಾನೆಯಲ್ಲಿ ಇಡೀ ದಿನ ಹಿಂದಿಯೇ. ಹಾಗಾಗಿ ಆ ಒಂದು ಗಂಟೆ ಆಡುವುದಕ್ಕಿಂತ ಮಾತೇ ಜಾಸ್ತಿ. ಬೆಣ್ಣೆ ದೋಸೆ ದೊಡ್ಡದೋ ಮೈಸೂರಿನ ಮಸಾಲೆ ದೋಸೆ ದೊಡ್ಡದೋ ಅಂತ ಜಗಳವಾಡಿದ್ದಕ್ಕೆ ಲೆಕ್ಕವಿಲ್ಲ. ಊರು, ಕಾಲೇಜು, ಮಂಡಿನೋವು ಎಲ್ಲ ಮಾತಾಡಿದೆವು. ಮನೆ ನಂಬರ್ ಮಾತ್ರ ನಾನು ಹೇಳಲಿಲ್ಲ. ಹೇಳಿದರೆ ಮುಂದಿನ ಪ್ರಶ್ನೆ ಮನೇಲಿ ಯಾರ್ಯಾರಿದ್ದೀರಿ ಅಂತ. ಅದಕ್ಕೆ ಉತ್ತರ ಕೊಟ್ಟಾಗ ಎದುರಿನವರ ಮುಖ ಹೇಗಾಗುತ್ತದೆ ಅಂತ ನನಗೆ ಚೆನ್ನಾಗಿ ಗೊತ್ತು. "ಬರ್ತೀನಿ ಅಂಕಲ್, ಮನೇಲಿ ಕಾಯ್ತಿರ್ತಾರೆ" ಅಂತ ಹೇಳಿ ಏಳುತ್ತಿದ್ದೆ. ಯಾರೂ ಕಾಯುತ್ತಿರಲಿಲ್ಲ.

ದೀಪಾವಳಿಯ ಹೊತ್ತಿಗೆ ಸೊಸೈಟಿಯವರು ಟೇಬಲ್ಲಿನ ಹಳೆಯ ನೀಲಿ ಬಟ್ಟೆ ಕಿತ್ತು ಹೊಸ ಹಸಿರು ಬಟ್ಟೆ ಹಾಕಿಸಿದರು. ಒಂದು ಭಾನುವಾರ ಅಂಕಲ್ ಬರುವುದು ತಡವಾಯಿತು. ಕಾಯುತ್ತಾ ಕೂತವಳ ಕಣ್ಣು ಬಟ್ಟೆಯ ಮೇಲೆ ಹರಿದಾಡಿತು. ಹಸಿರಿನ ಮೇಲೆ ಅಲ್ಲಲ್ಲಿ ನೀಲಿ ಮಸಿ. ನನಗೆ ಪಿತ್ತ ನೆತ್ತಿಗೇರಿತು. ಹೊಸ ಬಟ್ಟೆ, ಒಂದು ತಿಂಗಳಾಗಿಲ್ಲ! ಆ ಗುಂಡಿ ತೋಡುವ ಮಕ್ಕಳದ್ದೇ ಕೆಲಸ ಅಂತ ತೀರ್ಮಾನ ಮಾಡಿ, ಫೋಟೋ ತೆಗೆದು, ಕಲೆಗಳಿಗೆ ಕೆಂಪು ಸುತ್ತು ಹಾಕಿ ಸೊಸೈಟಿಯ ಆ್ಯಪಿನಲ್ಲಿ ದೂರು ಬರೆದೆ. ಹಸಿರು ಬಟ್ಟೆಯ ಮೇಲೆ ನೀಲಿ ಚಾಕ್ ಬಳಸುವ ಬೇಜವಾಬ್ದಾರಿ ಜನರ ಮೇಲೆ ಕ್ರಮ ತೆಗೆದುಕೊಳ್ಳಬೇಕು ಅಂತ, ಕಾರ್ಖಾನೆಯ ರಿಪೋರ್ಟಿನ ಧಾಟಿಯಲ್ಲೇ. ಆ ಆ್ಯಪಿನಲ್ಲಿ ಹೆಸರು ಕಾಣುವುದಿಲ್ಲ, ಮನೆ ನಂಬರ್ ಮಾತ್ರ ಕಾಣುತ್ತದೆ: 1104, ಇಲ್ಲಿನವರ ಬಾಯಲ್ಲಿ ಗ್ಯಾರಾ ಸೌ ಚಾರ್.

ನೀಲಿ ಚಾಕ್ ಯಾರದು ಅಂತ ಹೊಳೆಯಲೇ ಇಲ್ಲವಲ್ಲ ನನಗೆ! ದಿನಾ ನಾನೂ ಅದನ್ನೇ ಹಚ್ಚುತ್ತಿದ್ದೆ. ಆ ಕಲೆಗಳಲ್ಲಿ ಅರ್ಧ ನನ್ನವೇ. ನನಗೆ ಕಲೆ ಕಂಡಿತು, ಮನುಷ್ಯ ಕಾಣಲಿಲ್ಲ.

ಎರಡು ದಿನದಲ್ಲಿ ಗೋಡೆಗೆ ನೋಟಿಸು ಬಂತು, ಟೇಬಲ್ಲಿಗೆ ಒಂದು ಹೊಸ ಹಸಿರು ಚಾಕ್ ಬಂತು. ಅಂಕಲ್ ಬರಲಿಲ್ಲ. ನೋಟಿಸಿನಲ್ಲಿ ನೀಲಿ ಚಾಕ್ ಅಂತ ಓದಿದಾಗಲೇ ಅದು ಅಂಕಲ್‌ದು ಅಂತ ಹೊಳೆದು, ಅಯ್ಯೋ ಕರ್ಮವೇ ಅಂತ ತಲೆ ಚಚ್ಚಿಕೊಂಡೆ. ಮೂರು ವಾರ ಸಂಜೆ ಏಳಕ್ಕೆ ಹೋಗಿ ಒಬ್ಬಳೇ ಆಡಿ ಬಂದೆ. ಅವರ ಮನೆ ನಂಬರ್ ನಾನೂ ಕೇಳಿರಲಿಲ್ಲ. ಹುಷಾರಿಲ್ಲವೋ, ಊರಿಗೆ ಹೋದರೋ, ಇನ್ನೇನಾದರೂ ಆಯಿತೋ, ಯಾರನ್ನು ಅಂತ ಕೇಳಲಿ? ಆ ಮೂರು ವಾರ ಮನೆಯಲ್ಲಿ ಟಿವಿ ಹಾಕುವುದಕ್ಕೂ ಮನಸ್ಸಾಗಲಿಲ್ಲ.

ನಾಲ್ಕನೇ ವಾರ ಹಸಿರು ಚಾಕ್ ಕೈಗೆತ್ತಿಕೊಂಡವಳು ಹಾಗೇ ನಿಂತೆ. ಗುಂಡಿ ಬಿದ್ದ ಹಳೆಯದನ್ನು ಎಸೆದು ಯಾರೋ ಹಿಂದಿನ ದಿನ ಹೊಸದು ಇಟ್ಟಿದ್ದರು. ಅದರ ಮೇಲ್ಮೈ ಒಂದೇ ದಿನದಲ್ಲಿ ತುಸು ಸವೆದಿತ್ತು. ಸಮವಾಗಿ, ಚಪ್ಪಟೆಯಾಗಿ. ಅದನ್ನು ನೋಡಿ ನನಗೆ ಅಳುವೇ ಬಂತು. ಮೊದಲು ಸಂತೋಷಕ್ಕೆ, ಅಂಕಲ್ ಚೆನ್ನಾಗಿದ್ದಾರೆ ಅಂತ. ಆಮೇಲೆ ಸಂಕಟಕ್ಕೆ. ಅವರು ಬರುತ್ತಿದ್ದಾರೆ, ನಾನಿಲ್ಲದ ಹೊತ್ತಿಗೆ ಬರುತ್ತಿದ್ದಾರೆ.

ಬಾಗಿಲಲ್ಲಿದ್ದ ಗಾರ್ಡ್ ಭಯ್ಯಾನನ್ನು ಕೇಳಿದೆ. ಹೌದು ಮೇಡಂ, ಈಗ ಮಧ್ಯಾಹ್ನ ಎರಡಕ್ಕೆ ಬಂದು ಒಬ್ಬರೇ ಆಡಿ ಹೋಗುತ್ತಾರೆ ಅಂದ. ಸೊಸೈಟಿಯ ಸೆಕ್ರೆಟರಿ ಆ ಕಲೆಯ ವಿಷಯಕ್ಕೆ ಮಕ್ಕಳೆದುರೇ ಅವರನ್ನು ಗದರಿದನಂತೆ. ನಾನು ತಲೆತಗ್ಗಿಸಿ ಲಿಫ್ಟಿನ ಕಡೆ ಹೋದೆ.

ಭಾನುವಾರ ಎರಡು ಕಡೆ ಮೆಟ್ರೋ ಬದಲಿಸಿ ಪೀತಮ್‌ಪುರಕ್ಕೆ ಹೋದೆ. ಅಲ್ಲಿನ ಮಾರ್ಕೆಟ್ಟಿನಲ್ಲಿ ಪೂಲ್ ಸಾಮಾನು ಮಾರುವ ಅಂಗಡಿಯೊಂದಿದೆ. ಅಂಗಡಿಯವ ಹಸಿರು, ನೀಲಿ, ಬೂದು ಅಂತ ಚಾಕ್‌ಗಳನ್ನು ಸಾಲಾಗಿ ಇಟ್ಟ. ನಾನು ಬಟ್ಟೆಯ ಬಣ್ಣ ಪರೀಕ್ಷೆ ಮಾಡುವ ಹಾಗೆ ಒಂದೊಂದನ್ನೂ ಬಿಳಿ ಕರವಸ್ತ್ರಕ್ಕೆ ಉಜ್ಜಿ, ಊದಿ, ಎಷ್ಟು ಹಿಡಿಯಿತು, ಎಷ್ಟು ಉದುರಿತು ನೋಡಿದೆ. ಒಂದು ನೀಲಿ ಚಾಕ್ ಹಿಟ್ಟಿನಷ್ಟು ನುಣ್ಣಗಿತ್ತು. ಉದುರಲೇ ಇಲ್ಲ.

"ಮೇಡಂ, ಟೇಬಲ್ ಬಟ್ಟೆ ಯಾವ ಕಲರ್?" ಅಂತ ಹಿಂದಿಯಲ್ಲಿ ಕೇಳಿದ.

"ಹಸಿರು."

"ಅಚ್ಛಾ, ಹಾಗಾದರೆ ಹಸಿರು ತಗೊಳ್ಳಿ. ನೀಲಿ ಕಲೆ ಮಾಡುತ್ತೆ."

ಅದು ನನಗೆ ಗೊತ್ತಿಲ್ಲವೇ ಮಾರಾಯ! ಹಸಿರು ಕೊಂಡುಹೋದರೆ ನಾನು ಬರೆದದ್ದೇ ಸರಿ ಅಂತ ಅವರ ಕೈಗಿಟ್ಟ ಹಾಗೆ. ನೀಲಿ ಕೊಟ್ಟರೆ ತಪ್ಪಾಯಿತು ಅಂದ ಹಾಗೆ. ಇಪ್ಪತ್ತು ವರ್ಷದಲ್ಲಿ ಮೊದಲ ಸಲ, ಕಲೆ ಮಾಡುವುದನ್ನೇ ಬೇಕೆಂದು ಆರಿಸಿಕೊಂಡೆ.

ಬುಧವಾರ ಅರ್ಧ ದಿನ ರಜೆ ಹಾಕಿ ಎರಡಕ್ಕೆ ಕ್ಲಬ್‌ಹೌಸಿಗೆ ಹೋದೆ. ದಾರಿಯುದ್ದಕ್ಕೂ ಹೇಳಬೇಕಾದ್ದನ್ನು ಬಾಯಿಪಾಠ ಮಾಡಿದ್ದೆ. ನಾನೇ ಬರೆದದ್ದು ಅಂಕಲ್, ತಪ್ಪಾಯ್ತು, ಸಂಜೆ ಬನ್ನಿ. ಅಷ್ಟೇ. ಅವರು ಬಗ್ಗಿ ಗುರಿ ನೋಡುತ್ತಿದ್ದವರು ನನ್ನನ್ನು ಕಂಡು ಕೋಲು ಕೆಳಗಿಟ್ಟರು.

"ಅರೇ, ಏನಮ್ಮಾ ಈ ಹೊತ್ತಲ್ಲಿ? ಹುಷಾರಿದ್ದೀಯಾ?" ಮುಖದಲ್ಲಿ ಕೋಪವಿರಲಿ, ಮುನಿಸಿನ ಸುಳಿವೂ ಇರಲಿಲ್ಲ. ನಾನು ಚೀಲದೊಳಗೆ ಕೈಹಾಕಿ ನೀಲಿ ಚಾಕ್ ಹಿಡಿದುಕೊಂಡೆ.

"ಅಂಕಲ್, ಆ ನೋಟಿಸು..." ಅಂದೆ.

"ಅಯ್ಯೋ ಬಿಡಮ್ಮಾ. ಆ ಗ್ಯಾರಾ ಸೌ ಚಾರ್‌ನಲ್ಲಿ ಯಾರೋ ಹೆಂಗಸಂತೆ, ಅವಳು ಬರೆದದ್ದು ಸರಿಯಾಗೇ ಇತ್ತು. ಹಸಿರಿಗೆ ಹಸಿರೇ ಹಚ್ಚಬೇಕು. ಈ ಟ್ಯೂಬ್‌ಲೈಟಲ್ಲಿ ನನ್ನ ಕಣ್ಣಿಗೆ ಎರಡೂ ಒಂದೇ ಥರ ಕಾಣುತ್ತೆ, ಏನು ಮಾಡ್ಲಿ? ಮಕ್ಕಳ ಮುಂದೆ ಹಾಗೆ ಅನ್ನಿಸ್ಕೊಂಡ ಮೇಲೆ ಸಂಜೆ ಬರೋಕೆ ಮುಖ ಇಲ್ಲದ ಹಾಗಾಯ್ತು, ಅಷ್ಟೇ." ಹಸಿರು ಚಾಕನ್ನು ಕೋಲಿನ ತುದಿಗೆ ಮೆಲ್ಲಗೆ ಸವರಿದರು. "ಆದರೂ ನೋಡು, ಅಷ್ಟು ಚಿಕ್ಕ ಕಲೆಗೆ ಸುತ್ತು ಹಾಕ್ತಾ ಕೂರೋಕೆ ಎಷ್ಟು ಪುರುಸೊತ್ತು ಇರಬೇಕು! ಮನೇಲಿ ಒಬ್ಬಳೇ ಇರಬೇಕು, ಪಾಪ. ಮಾತಾಡೋಕೆ ಯಾರೂ ಇಲ್ಲವೇನೋ. ನಿನಗೆ ಗೊತ್ತಾ ಆಕೆ?"

ಟೇಬಲ್ಲಿನ ಮೇಲೆ ಉಳಿದಿದ್ದ ಒಂದು ನೀಲಿ ಕಲೆಯನ್ನು ಬೆರಳಿನಿಂದ ಒರೆಸಿದೆ.

"ಗೊತ್ತು ಅಂಕಲ್. ಒಬ್ಬಳೇ ಇರೋದು" ಅಂದೆ.

"ಹಾಗಾದರೆ ಒಂದಿನ ಕರ್ಕೊಂಡು ಬಾ ಇಲ್ಲಿಗೆ. ಆಡೋಕೆ ಬರದಿದ್ದರೂ ಪರವಾಗಿಲ್ಲ. ಸುಮ್ನೆ ಕೂತಿರಲಿ ನಮ್ಮ ಜೊತೆ."

ನೀಲಿ ಚಾಕ್ ಚೀಲದಲ್ಲೇ ಬಿಟ್ಟು ಕೈ ಹೊರಗೆ ತೆಗೆದೆ. ಸಂಜೆಯೇ ಬನ್ನಿ ಅಂಕಲ್, ಯಾರಾದರೂ ಏನಾದರೂ ಅಂದರೆ ನಾನು ನೋಡಿಕೊಳ್ಳುತ್ತೇನೆ ಅಂತ ಮಾತ್ರ ಹೇಳಿದೆ. ಮಾರನೇ ದಿನದಿಂದ ಅವರು ಬಂದರು.

ಈಗಲೂ ಏಳಕ್ಕೆ ಆಡುತ್ತೇವೆ, ಹಸಿರು ಚಾಕಿನಲ್ಲೇ. ದೋಸೆಯ ಜಗಳ ಮುಂದುವರಿದಿದೆ. ಹದಿನೈದು ದಿನಕ್ಕೊಮ್ಮೆಯಾದರೂ ಅವರು ಕೇಳುತ್ತಾರೆ, "ಎಲ್ಲಮ್ಮಾ ನಿನ್ನ ಗ್ಯಾರಾ ಸೌ ಚಾರ್? ಕರ್ಕೊಂಡು ಬಾ ಅಂದಿದ್ನಲ್ಲ." ಆಕೆಗೆ ಪುರುಸೊತ್ತಿಲ್ಲವಂತೆ ಅಂಕಲ್ ಅನ್ನುತ್ತೇನೆ. ಆಟ ಮುಗಿದ ಮೇಲೆ, ಮನೇಲಿ ಕಾಯ್ತಿರ್ತಾರೆ ಅಂತ ಹೇಳಿ ಇಬ್ಬರೂ ಹೊರಡುತ್ತೇವೆ. ಅವರು ತಮ್ಮ ಟವರಿನ ಬಾಗಿಲು ದಾಟುವ ತನಕ ಹೊರಗೇ ನಿಂತಿದ್ದು, ಆಮೇಲೆ ನನ್ನ ಲಿಫ್ಟಿಗೆ ಹೋಗಿ ಹನ್ನೊಂದು ಒತ್ತುತ್ತೇನೆ.