ಮೂವತ್ತರ ವೇಗ, ಹನ್ನೆರಡರ ಕಿವಿ

"ಹ್ವಾಯ್, ಎಲ್ಲಿದ್ದೆ ಮಾರಾಯ್ತಿ? ನಾನ್ ಆಸ್ಪತ್ರಿ ಬಾಗ್ಲಂಗೆ ಕೂಕಂಡ್ ಮುಕ್ಕಾಲ್ ಗಂಟಿ ಆಯ್ತ್!"

ಕಳೆದ ಗುರುವಾರ ಬೆಳಿಗ್ಗೆ ಒಂಬತ್ತು ಕಳೆದಿತ್ತು. ಫೋನಿನಲ್ಲಿ ಬೈಂದೂರಿನ ಶೀನಣ್ಣ. ನಾನು ಕೋಟೇಶ್ವರದ ನಮ್ಮ ಅಡುಗೆಮನೆಯಲ್ಲಿ ನೀರುದೋಸೆ ಹೊಯ್ಯುತ್ತಿದ್ದೆ. ಯಾವ ಆಸ್ಪತ್ರೆ? ಯಾಕೆ?

"ಕುಂದಾಪ್ರದ್ ಕಣ್ಣಿನ್ ಆಸ್ಪತ್ರಿ. ಇವತ್ ಪೊರಿ ತೆಗುದ್ ಅಂದಿದ್ನಲೆ? ನೀನ್ ಬತ್ತೆ ಅಂದಿದ್ಯಲೆ? ಹತ್ತ್ ಗಂಟಿ ಒಳ್ಗ್ ಜೊತಿಗ್ ಒಬ್ರ್ ಬರ್ದಿರೆ ಆಪರೇಷನ್ ಇಲ್ಲ ಅಂತ್ರ್. ಮತ್ತ್ ಮುಂದಿನ್ ತಿಂಗ್ಳೇ!"

ಹೌದು, ಒಪ್ಪಿಕೊಂಡಿದ್ದೆ. ಏನನ್ನು ಒಪ್ಪಿಕೊಂಡೆ ಅನ್ನುವುದು ಮಾತ್ರ ಗೊತ್ತಿರಲಿಲ್ಲ! ಒಲೆ ಆರಿಸಿ, ಉಟ್ಟ ಬಟ್ಟೆಯಲ್ಲೇ ಹೈವೇಗೆ ಓಡಿ, ಸಿಕ್ಕಿದ ಬಸ್ಸು ಹತ್ತಿದೆ. (ದೋಸೆ ಏನಾಯಿತೋ ಗಂಡನನ್ನೇ ಕೇಳಬೇಕು.)

ಈ ಅವಾಂತರಕ್ಕೆಲ್ಲ ಕಾರಣ ನನ್ನ ಕಂಪ್ಯೂಟರ್. ಸುಳ್ಳು ಯಾಕೆ? ಕಾರಣ ನಾನೇ.

ನಾನು ಹ್ಯಾಮ್. ಅಂದರೆ ಲೈಸೆನ್ಸ್ ಪಡೆದು, ಹವ್ಯಾಸಕ್ಕೆ ರೇಡಿಯೋದಲ್ಲಿ ಮಾತಾಡುವವಳು. ಅದರಲ್ಲೂ ಮೋರ್ಸ್ ಕೋಡಿನ ಹುಚ್ಚು. ಮೇಜಿನ ಮೇಲಿನ ಪುಟ್ಟ ಕೀಯನ್ನು ಒತ್ತಿ, ಬಿಟ್ಟು, ಗಿಡ್ಡ ಉದ್ದ ಸದ್ದುಗಳಲ್ಲಿ ಒಂದೊಂದೇ ಅಕ್ಷರ ಕಳಿಸುವುದು. ಕಲಿಸಿದವರು ಶೀನಣ್ಣ, ಹಡಗುಗಳಲ್ಲಿ ರೇಡಿಯೋ ಆಫೀಸರ್ ಆಗಿದ್ದವರು. ಇಪ್ಪತ್ತು ವರ್ಷಗಳಿಂದ ಭಾನುವಾರ ಬೆಳಿಗ್ಗೆ ಏಳಕ್ಕೆ ನಮ್ಮಿಬ್ಬರ ಮೋರ್ಸ್ ಹರಟೆ ಇದ್ದದ್ದೇ. (ಫೋನಿಲ್ವಾ ಅಂತ ಕೇಳಬೇಡಿ. ಊರಲ್ಲಿ ಹೋಟೆಲಿದೆ ಅಂತ ನೀವು ಮನೆಯಲ್ಲಿ ಅಡುಗೆ ಬಿಟ್ಟಿದ್ದೀರಾ?)

ಕಳೆದ ವರ್ಷ ನನ್ನ ಬಲಗೈಗೆ ನಡುಕ ಶುರುವಾಯಿತು. ಮೂರು ಗಿಡ್ಡ ಸದ್ದು ಒತ್ತಲು ಹೋದರೆ ಐದಾಗುತ್ತಿತ್ತು. ಮೋರ್ಸಿನಲ್ಲಿ ಮೂರಾದರೆ ಒಂದು ಅಕ್ಷರ, ಐದಾದರೆ ಬೇರೆಯದೇ. ನಾನು ಕಳಿಸಿದ್ದು ಶೀನಣ್ಣನಿಗೂ ಓದಲಾಗದೆ ಹೋಯಿತು. ಇದು ಪೂರ್ತಿ ವಾಸಿಯಾಗುವಂಥದ್ದಲ್ಲ ಅಂದರು ಡಾಕ್ಟರು. ಆರು ತಿಂಗಳು ರೇಡಿಯೋ ಮುಟ್ಟಲಿಲ್ಲ. ಕೂತು ಅತ್ತದ್ದೂ ಉಂಟು. ಆಮೇಲೆ ಸಿಟ್ಟು ಬಂತು. ಕೈ ಕೊಟ್ಟದ್ದು ಕೈ, ಮಾತು ಯಾಕೆ ಬಿಡಬೇಕು?

ಕಂಪ್ಯೂಟರಿನಿಂದ ರೇಡಿಯೋಗೆ ಕೇಬಲ್ ಎಳೆದೆ. ಎಡಗೈಯಲ್ಲಿ ಟೈಪ್ ಮಾಡಿದರೆ ಸಾಕು, ಕಂಪ್ಯೂಟರೇ ಅದನ್ನು ಮೋರ್ಸ್ ಮಾಡಿ ಕಳಿಸುತ್ತದೆ. ತಪ್ಪಿದ್ದನ್ನು ಕಳಿಸುವ ಮೊದಲೇ ಅಳಿಸಬಹುದು. "ಇಷ್ಟೆಲ್ಲ ಕಷ್ಟ ಯಾರಿಗ್ ಬೇಕಿತ್?" ಅಂದರು ಗಂಡ. ನನಗೆ ಬೇಕಿತ್ತು!

ಏನಪ್ಪಾ ಅಂದರೆ, ಅದರಲ್ಲಿ ವೇಗ ಏರಿಸುವ ಸೌಲಭ್ಯವೂ ಇದೆ. ಕೈಯಲ್ಲಿ ನಾನು ಯಾವತ್ತೂ ನಿಮಿಷಕ್ಕೆ ಹನ್ನೆರಡು ಪದದವಳು. ಮೊದಲ ಭಾನುವಾರವೇ ಮೂವತ್ತಕ್ಕೆ ಇಟ್ಟೆ. ಹೇಳಬೇಕಾದ್ದನ್ನೆಲ್ಲ ಮೊದಲೇ ಟೈಪ್ ಮಾಡಿಟ್ಟು ಒಮ್ಮೆಲೇ ಬಿಟ್ಟೆ. ಶೀನಣ್ಣ ಒಮ್ಮೆ ಬೆರಗಾಗಲಿ ಅಂತ.

ನಮ್ಮ ಹ್ಯಾಮ್‌ಗಳಲ್ಲಿ ಒಂದು ರಿವಾಜು. ಕರೆದವರು ಯಾವ ವೇಗದಲ್ಲಿ ಕಳಿಸಿದರೋ ಅದೇ ವೇಗದಲ್ಲಿ ಉತ್ತರಿಸಬೇಕು. ಅದು ಮರ್ಯಾದೆ. ಶೀನಣ್ಣ ಮರ್ಯಾದೆ ಬಲ್ಲವರು, ಮೂವತ್ತರಲ್ಲೇ ಉತ್ತರ ಕೊಟ್ಟರು. ಕಾದ ಎಣ್ಣೆಗೆ ಬಿದ್ದ ಸಾಸಿವೆಯ ಹಾಗೆ ಚಟಪಟ! ನನ್ನ ಕಿವಿ ಹನ್ನೆರಡರದ್ದೇ ತಾನೆ? ಒಂದಕ್ಷರವೂ ಹತ್ತಲಿಲ್ಲ.

ನಿಧಾನ ಕಳಿಸಿ ಅನ್ನಲು ಮೂರೇ ಅಕ್ಷರದ ಸಂಕೇತವಿದೆ. ಕಳಿಸಿದ್ದರೆ ಮುಗಿಯುತ್ತಿತ್ತು. ಕಳಿಸಲಿಲ್ಲ. ಜಂಬ ಕಣ್ರೀ, ಜಂಬ! ಬದಲಿಗೆ "ಆರ್" ಅಂತ ಒತ್ತಿದೆ. ಅಂದರೆ, ನೀವು ಹೇಳಿದ್ದೆಲ್ಲ ತಲುಪಿತು ಅಂತ. ಮೇಲಿಂದ ಒಂದು "ಓಕೆ" ಬೇರೆ. ಅವರು ಕೇಳಿದ್ದು ಇಷ್ಟು ಅಂತ ಆಮೇಲೆ ಗೊತ್ತಾಯಿತು: ಗುರುವಾರ ಕಣ್ಣಿನ ಆಪರೇಷನ್, ನಿನ್ನ ಅತ್ತಿಗೆಗೆ ಮಂಡಿನೋವು, ಬಸ್ಸು ಹತ್ತಲಾಗುವುದಿಲ್ಲ, ನೀನು ಜೊತೆಗೆ ಬರುತ್ತೀಯಾ?

ದಿನಕ್ಕೆ ಎಷ್ಟು ಸಲ ಹೀಗೆ "ಆರ್" ಒತ್ತುತ್ತೇವೆ ನಾವು! ಡಾಕ್ಟರು ಮಾತ್ರೆ ವಿವರಿಸುವಾಗ ತಲೆಯಾಡಿಸಿ, ಮೆಡಿಕಲ್ ಶಾಪಿನಲ್ಲಿ ಮತ್ತೆ ಕೇಳುತ್ತೇವೆ. ಬ್ಯಾಂಕಿನವರು ಬೆರಳಿಟ್ಟಲ್ಲಿ ಸಹಿ ಹಾಕುತ್ತೇವೆ. ಮನೆಯಲ್ಲಂತೂ ಮೊಬೈಲ್ ನೋಡುತ್ತಲೇ "ಹ್ಞಾಂ, ಹ್ಞೂಂ". ಗೊತ್ತಾಗಲಿಲ್ಲ ಅಂದರೆ ನಮ್ಮ ಗಂಟೇನು ಹೋಗುತ್ತದೆ?

ಆಸ್ಪತ್ರೆ ಮುಟ್ಟಿದಾಗ ಹತ್ತಕ್ಕೆ ಐದು ನಿಮಿಷ. ನಡುಗುವ ಕೈಯಲ್ಲೇ ಸಹಿ ಹಾಕಿದೆ. ನರ್ಸಮ್ಮ ನನ್ನ ಕೈ ನೋಡಿದಳು, ಶೀನಣ್ಣನ ಕಣ್ಣು ನೋಡಿದಳು. "ಇದ್ರಲ್ಲಿ ಯಾರಿಗೆ ಯಾರು ಜೊತೆ?"

ಮಧ್ಯಾಹ್ನ ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ಕೂತ ಶೀನಣ್ಣನಿಗೆ ನಿಜ ಹೇಳಿದೆ. ಬೈಯುತ್ತಾರೆ ಅಂದುಕೊಂಡಿದ್ದೆ.

"ಮೂವತ್ತರಂಗೆ ಬಂತಲೆ, ನಿನ್ ಕೈ ಹುಷಾರಾಯ್ತ್ ಅಂದೇಳಿ ನಂಗ್ ಖುಷಿ ಆಯಿತ್ತ್" ಅಂದರು. ಬೈದಿದ್ದರೇ ವಾಸಿಯಿತ್ತು.

"ಕಂಪ್ಯೂಟರ್ ಬಿಡ್ತೆ ಶೀನಣ್ಣ, ಸಾಕ್."

"ಎಂತಕ್ ಬಿಡುದ್? ತಲಿ ಸಮ ಇತ್ತಾ ನಿಂದ್? ನಂಗ್ ಕನ್ನಡ್ಕ, ನಿಂಗ್ ಕಂಪ್ಯೂಟರ್. ಸ್ಪೀಡ್ ಇಳ್ಸ್, ಅಷ್ಟೇ."

ಮನೆಗೆ ಬಂದರೆ ಗಂಡನದ್ದು ಹೊಸ ಉಪಾಯ. ಬಂದ ಮೋರ್ಸನ್ನೂ ಕಂಪ್ಯೂಟರೇ ಓದಿ ತೋರಿಸುತ್ತದಂತಲ್ಲ? ತೋರಿಸುತ್ತದೆ, ನನಗೂ ಗೊತ್ತು. ಬೇಡ. ನನ್ನ ಕೈ ಕೆಟ್ಟಿದೆ, ಕಿವಿ ಕೆಟ್ಟಿಲ್ಲ. ಕೇಳುವ ಕೆಲಸವನ್ನೂ ಅದಕ್ಕೇ ಒಪ್ಪಿಸಿದರೆ ಹರಟೆ ಹೊಡೆದದ್ದು ಯಾರು?

ಮೊನ್ನೆ ಭಾನುವಾರ ಏಳಕ್ಕೆ ಹನ್ನೆರಡರಲ್ಲಿ ಕರೆದೆ. ಶೀನಣ್ಣ ಹನ್ನೆರಡರಲ್ಲೇ ಬಂದರು. ನಡುವೆ ಒಂದು ಪದ ಹತ್ತಲಿಲ್ಲ. ಇನ್ನೊಮ್ಮೆ ಅಂತ ಕಳಿಸಿದೆ. ಆಗಲೂ ಹತ್ತಲಿಲ್ಲ. ಮತ್ತೊಮ್ಮೆ ಅಂದೆ. ಮೂರನೆಯ ಸಲ ತಿಳಿಯಿತು, "ಬಂಗುಡೆ". ಅತ್ತಿಗೆ ಬಂಗುಡೆ ಸಾರು ಮಾಡಿದ್ದರಂತೆ! ಮೂರು ಸಲ ಕಳಿಸಿದ್ದಕ್ಕೆ ಶೀನಣ್ಣನಿಗೆ ಒಂಚೂರೂ ಬೇಸರವಿಲ್ಲ.

ಇನ್ನು ಮೇಲೆ ಹೀಗೇ. ತಿಳಿಯುವವರೆಗೂ ಕೇಳುತ್ತೇನೆ, ತಿಳಿಯದೆ "ಆರ್" ಒತ್ತುವುದಿಲ್ಲ.

ನೀವು ನಿಮ್ಮ ಮನೆಯವರಿಗೆ "ಇನ್ನೊಂದ್ಸಲ ಹೇಳು, ನಾನು ಕೇಳಿಸಿಕೊಳ್ಳಲಿಲ್ಲ" ಅಂದು ಎಷ್ಟು ದಿನವಾಯಿತು?